ಅಣ್ಣನ ಅಳತೆಯ ಕ್ರ್ಯಾಂಕ್

ಸೈಕಲ್‌ಗೆ ಹೊಸ ಕ್ರ್ಯಾಂಕ್‌ಸೆಟ್, ಅಂದರೆ ಪೆಡಲ್ ಕೂರುವ ತೋಳುಗಳೂ ಮುಂದಿನ ಹಲ್ಲುಚಕ್ರಗಳೂ ಸೇರಿದ ಭಾಗ, ಹಾಕಿ ಐದು ವಾರ ಆಯಿತು. ಸುಮಾರು 600 ಕಿಲೋಮೀಟರ್ ಓಡಿಸಿದ್ದೇನೆ. ಮೊದಲ ದಿನವೇ ಬರೆಯೋಣ ಅಂತ ಕೂತಿದ್ದೆ. ಆದರೆ ಅವತ್ತು ಬರೀ ಖುಷಿ ಇತ್ತು, ಹೇಳುವುದಕ್ಕೆ ಲೆಕ್ಕ ಇರಲಿಲ್ಲ. ಈಗ ಪುಸ್ತಕದಲ್ಲಿ ನಾಲ್ಕು ಪುಟ ಲೆಕ್ಕ ಇದೆ.

ಈ ರೋಡ್ ಬೈಕ್ ಮೊದಲು ನನ್ನ ಅಣ್ಣನದು. ಅವನು ಹೊಸದು ತೆಗೆದುಕೊಂಡಾಗ ಇದನ್ನು ನನಗೆ ಕೊಟ್ಟ. ನನಗೆ ಆಗ 41 ವರ್ಷ. ಅಣ್ಣ ಐದಡಿ ಒಂಬತ್ತಿಂಚು, ನಾನು ಐದಡಿ ನಾಲ್ಕು. ಸೀಟು ಇಳಿಸಿದೆವು, ಹ್ಯಾಂಡಲ್‌ನ ಸ್ಟೆಮ್ ಚಿಕ್ಕದು ಹಾಕಿದೆವು. ಕೂತರೆ ಆರಾಮಾಗಿತ್ತು. ಆದರೆ ಮುಂದಿನ ಹಲ್ಲುಚಕ್ರ ಮಾತ್ರ ಅಣ್ಣನದೇ ಉಳಿಯಿತು: 53 ಮತ್ತು 39 ಹಲ್ಲು, ತೋಳು 175 ಮಿಲಿಮೀಟರ್. ಅವನು ರೇಸ್ ಓಡಿಸುತ್ತಿದ್ದ ಕಾಲದ ಆಯ್ಕೆ ಅದು. ಹಿಂದೆ ಹತ್ತು ಗೇರಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು), 12ರಿಂದ 25 ಹಲ್ಲು.

ನಾನು ಬಟ್ಟೆ ಹೊಲಿಯುವವಳು. ಬೇರೆಯವರ ಅಳತೆಗೆ ಹೊಲಿದದ್ದನ್ನು ಇನ್ನೊಬ್ಬರಿಗೆ ಸರಿಮಾಡಿ ಕೊಡುವುದು ನನ್ನ ದಿನದ ಕೆಲಸ. ಆದರೂ ಸೈಕಲ್ ವಿಷಯದಲ್ಲಿ ಇದು ಹೊಳೆಯಲು ಐದು ವರ್ಷ ಬೇಕಾಯಿತು. ಅಂಗಿಯ ತೋಳು ಉದ್ದವಾದರೆ ಮಡಚಿಕೊಂಡು ತೊಡಬಹುದು. ಕ್ರ್ಯಾಂಕಿನ ತೋಳು ಉದ್ದವಾದರೆ ಮಡಚಿಕೊಳ್ಳುವುದು ನಮ್ಮ ಮೊಣಕಾಲೇ.

ನಾನು ವಾರಕ್ಕೊಮ್ಮೆ ಹತ್ತುವ ಒಂದು ಏರು ಇದೆ. ನಾಲ್ಕು ಕಿಲೋಮೀಟರ್, ಸರಾಸರಿ ಶೇಕಡಾ ಏಳರಷ್ಟು. ನನ್ನ ವೇಗ ಅಲ್ಲಿ ಗಂಟೆಗೆ ಒಂಬತ್ತು ಕಿಲೋಮೀಟರ್ ಆಸುಪಾಸು. ಮೂರನೇ ಕಿಲೋಮೀಟರಿಗೆ ಬಲ ಮೊಣಕಾಲಿನ ಚಿಪ್ಪಿನ ಕೆಳಗೆ ಒಂದು ಹಿಡಿತ ಶುರುವಾಗುತ್ತಿತ್ತು. ಮಾರನೇ ದಿನ ಹೊಲಿಗೆ ಯಂತ್ರ ತುಳಿಯಲು ಕೂತಾಗ ಅದೇ ಜಾಗ ನೋಯುತ್ತಿತ್ತು. ಕಾಲು ಗಟ್ಟಿಯಾದರೆ ಹೋಗುತ್ತದೆ ಅಂದುಕೊಂಡೆ. ವರ್ಷಗಳು ಹೋದವು, ನೋವು ಹೋಗಲಿಲ್ಲ.

ಒಂದು ಸಲ ಫೋನಿನಲ್ಲಿ ಅಣ್ಣನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಪುಟ್ಟೀ, ಆ ಏರಿನಲ್ಲಿ ನಿಮಿಷಕ್ಕೆ ಎಷ್ಟು ಸಲ ತುಳೀತೀಯ?"

ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ಹತ್ತುವಾಗ ಗಡಿಯಾರ ನೋಡಿಕೊಂಡು ಬಲ ಮೊಣಕಾಲು ಮೇಲೆ ಬಂದಾಗಲೆಲ್ಲ ಎಣಿಸಿದೆ. ನಲವತ್ತಾರು. ಇನ್ನೊಂದು ನಿಮಿಷ ಎಣಿಸಿದೆ. ನಲವತ್ತೈದು. ಬಯಲಿನಲ್ಲಿ ನಾನು ಸಲೀಸಾಗಿ 80 ತುಳಿಯುತ್ತೇನೆ. ಹತ್ತುವಾಗ ಅದರ ಅರ್ಧಕ್ಕೆ ಹತ್ತಿರ. ಅಂದರೆ ಪ್ರತಿ ತುಳಿತದಲ್ಲೂ ಕಾಲು ಹೆಚ್ಚು ಭಾರ ಒತ್ತುತ್ತಿದೆ, ಹೆಚ್ಚು ಹೊತ್ತು ಒತ್ತುತ್ತಿದೆ.

ಎಣಿಸಿದ್ದು ಸರಿಯೋ ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. 25 ಮಿಮೀ ಅಗಲದ ಟೈರು ಹಾಕಿದ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಮುಂದೆ 39, ಹಿಂದೆ 25 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರ 1.56 ಸುತ್ತು ತಿರುಗುತ್ತದೆ. ಅಂದರೆ ಸುಮಾರು 3.28 ಮೀಟರ್. ಗಂಟೆಗೆ ಒಂಬತ್ತು ಕಿಲೋಮೀಟರ್ ಅಂದರೆ ನಿಮಿಷಕ್ಕೆ 150 ಮೀಟರ್. ಭಾಗಿಸಿದರೆ 46. ಕಾಲು ಎಣಿಸಿದ್ದೂ ಕಾಗದ ಹೇಳಿದ್ದೂ ಒಂದೇ ಆಯಿತು. ಅವತ್ತು ಬಹಳ ಸಮಾಧಾನ ಆಯಿತು. ನನ್ನ ಕಾಲಿನಲ್ಲಿ ಏನೋ ಕೊರತೆ ಇದೆ ಅನ್ನುವ ಯೋಚನೆ ಬಿಟ್ಟುಹೋಯಿತು. ಅಲ್ಲಿ ಇದ್ದದ್ದು ಹಲ್ಲಿನ ಲೆಕ್ಕ.

ಮೊದಲು ಅನಿಸಿದ್ದು ಬರೀ ಮುಂದಿನ ಚಿಕ್ಕ ಹಲ್ಲುಚಕ್ರ, ಅಂದರೆ ರಿಂಗ್, ಬದಲಿಸಿದರೆ ಸಾಕು ಅಂತ. 39 ತೆಗೆದು 34 ಹಾಕಿದರೆ ಮುಗಿಯಿತು ಅಲ್ವಾ? ಆಗುವುದಿಲ್ಲ. ರಿಂಗನ್ನು ಹಿಡಿದಿರುವ ಐದು ಬೋಲ್ಟುಗಳು ಒಂದು ವೃತ್ತದ ಮೇಲೆ ಕೂತಿರುತ್ತವೆ. ಹಳೆಯ ರೇಸ್ ಕ್ರ್ಯಾಂಕ್‌ಗಳಲ್ಲಿ ಆ ವೃತ್ತದ ವ್ಯಾಸ 130 ಮಿಮೀ. ಅದಕ್ಕೆ 38 ಹಲ್ಲಿಗಿಂತ ಚಿಕ್ಕ ರಿಂಗ್ ಕೂರಿಸಲು ಜಾಗವೇ ಇಲ್ಲ. ಅದಕ್ಕಿಂತ ಚಿಕ್ಕದಾದರೆ ಹಲ್ಲು ಬೋಲ್ಟಿನ ಮೇಲೇ ಬರುತ್ತದೆ. ಕಾಂಪ್ಯಾಕ್ಟ್ ಅನ್ನುವ ಕ್ರ್ಯಾಂಕ್‌ಗಳಲ್ಲಿ ವೃತ್ತ 110 ಮಿಮೀ. ಹಾಗಾಗಿ 50 ಮತ್ತು 34 ಕೂರುತ್ತವೆ. ಹಾಗಾಗಿ ಇಡೀ ಕ್ರ್ಯಾಂಕ್‌ಸೆಟ್ಟನ್ನೇ ಬದಲಿಸಬೇಕಿತ್ತು. ಹೇಗೂ ಬದಲಿಸುವುದಾದರೆ ತೋಳಿನ ಉದ್ದವನ್ನೂ ನನ್ನ ಅಳತೆಗೆ ತೆಗೆದುಕೊಳ್ಳೋಣ ಅಂತ ತೀರ್ಮಾನಿಸಿದೆ.

ಉದ್ದದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ರೋಡ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 165, 170, 172.5, 175. ಬರೀ ಹತ್ತು ಮಿಲಿಮೀಟರ್ ಒಳಗಿನ ಆಟ. ಹೊಲಿಗೆ ಗೊತ್ತಿರುವವರಿಗೆ ಹತ್ತು ಮಿಲಿಮೀಟರ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಕಂಕುಳಲ್ಲಿ ಅಷ್ಟು ಬಿಗಿಯಾದರೆ ಕೈ ಎತ್ತಲಾಗುವುದಿಲ್ಲ. 175ರ ಪೆಡಲ್ ತಿರುಗುವ ವೃತ್ತದ ವ್ಯಾಸ 350 ಮಿಮೀ, 165ರದ್ದು 330. ತೋಳು ಹತ್ತು ಮಿಮೀ ಚಿಕ್ಕದಾದಾಗ, ಕಾಲು ಕೆಳಗೆ ಮೊದಲಿನಷ್ಟೇ ಚಾಚಲಿ ಅಂತ ಸೀಟನ್ನು ಹತ್ತು ಮಿಮೀ ಎತ್ತರಿಸುತ್ತೇವೆ. ಆಗ ಪೆಡಲ್ ಮೇಲೆ ಬಂದಾಗ ಸೀಟಿಗೂ ಪಾದಕ್ಕೂ ನಡುವೆ ಒಟ್ಟು ಇಪ್ಪತ್ತು ಮಿಮೀ ಜಾಗ ಹೆಚ್ಚು ಸಿಗುತ್ತದೆ. ಮೊಣಕಾಲು ಅಷ್ಟು ಕಡಿಮೆ ಮಡಚುತ್ತದೆ. ನನಗೆ ಬೇಕಾಗಿದ್ದದ್ದು ಅದೇ.

ಚಿಕ್ಕ ತೋಳು ಅಂದರೆ ಶಕ್ತಿ ಕಡಿಮೆ ಅನ್ನುವ ಮಾತು ಬಹಳ ವರ್ಷ ಓಡಾಡಿತು. ಈಗ ಆ ಮಾತು ಕೇಳುವುದು ಕಡಿಮೆಯಾಗಿದೆ. ಸೈಕಲ್ ರೇಸಿನ ಚಾಂಪಿಯನ್ ತದೇಯ್ ಪೊಗಾಚಾರ್ ಅಂಥವನೇ 2024ರಲ್ಲಿ 165ಕ್ಕೆ ಬಂದ. ಅವನು ನನಗಿಂತ ಬಹಳ ಎತ್ತರದವನು. ನಾನು ಅವನನ್ನು ನೋಡಿ ಬದಲಿಸಿದ್ದಲ್ಲ, ಆದರೆ 165 ಕೇಳಿದರೆ ಜನ ವಿಚಿತ್ರವಾಗಿ ನೋಡುವ ಕಾಲ ಹೋಗಿದೆ ಅನ್ನುವುದಕ್ಕೆ ಹೇಳಿದೆ.

ಇಲ್ಲಿ ಒಂದು ಲೆಕ್ಕ ಇದೆ. ಅಣ್ಣ ಹೇಳದೆ ಇದ್ದಿದ್ದರೆ ನಾನು ತಪ್ಪುತ್ತಿದ್ದೆ. ತೋಳು ಚಿಕ್ಕದಾದರೆ ಅದೇ ಗೇರ್ ಭಾರವಾಗುತ್ತದೆ. ಉದ್ದದ ಸ್ಪ್ಯಾನರಿನಲ್ಲಿ ಬೋಲ್ಟ್ ಸುಲಭವಾಗಿ ಬಿಡಿಸುತ್ತೇವೆ, ಗಿಡ್ಡ ಸ್ಪ್ಯಾನರಿನಲ್ಲಿ ಜಾಸ್ತಿ ಬಲ ಬೇಕು. ಅದೇ ಮಾತು ಇಲ್ಲೂ. 175ರಿಂದ 165ಕ್ಕೆ ಬಂದರೆ ಪಾದ ಒತ್ತಬೇಕಾದ ಬಲ ಶೇಕಡಾ ಆರರಷ್ಟು ಏರುತ್ತದೆ. ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಗೇನ್ ರೇಷಿಯೋ ಅನ್ನುವ ಲೆಕ್ಕ ಹೇಳಿಕೊಟ್ಟಿದ್ದು ಇದಕ್ಕೇ. ಚಕ್ರದ ತ್ರಿಜ್ಯವನ್ನು ತೋಳಿನ ಉದ್ದದಿಂದ ಭಾಗಿಸಿ, ಅದನ್ನು ಹಲ್ಲುಗಳ ಅನುಪಾತದಿಂದ ಗುಣಿಸಬೇಕು. ಪಾದ ಒಂದು ಅಡಿ ಚಲಿಸಿದರೆ ಸೈಕಲ್ ಎಷ್ಟು ಅಡಿ ಹೋಗುತ್ತದೆ ಅನ್ನುವುದು ಬರುತ್ತದೆ.

ನನ್ನ ಹಳೆಯ 39/25, 175ರ ತೋಳಿಗೆ ಬಂದದ್ದು 2.99. ಹೊಸ 34/25, 165ಕ್ಕೆ 2.76. ಬರೀ ಶೇಕಡಾ ಏಳೂವರೆ ಹಗುರ! ಹಲ್ಲು ಮಾತ್ರ ನೋಡಿದ್ದರೆ ಶೇಕಡಾ 13 ಹಗುರ ಅಂತ ಕಾಣುತ್ತಿತ್ತು. ಅದರಲ್ಲಿ ಹತ್ತಿರ ಅರ್ಧವನ್ನು ಚಿಕ್ಕ ತೋಳು ವಾಪಸ್ ತೆಗೆದುಕೊಂಡಿತು. ಇಷ್ಟಕ್ಕೆ ಇಷ್ಟು ಕೆಲಸ ಮಾಡಬೇಕಾ ಅಂತ ಒಂದು ದಿನ ಸುಮ್ಮನೆ ಕೂತಿದ್ದೆ. ಆಮೇಲೆ ಹಿಂದಿನ ಕ್ಯಾಸೆಟ್ಟನ್ನೂ 12-28 ಮಾಡಿದರೆ? 34/28, 165ಕ್ಕೆ 2.46. ಹಳೆಯದಕ್ಕಿಂತ ಶೇಕಡಾ ಹದಿನೇಳೂವರೆ ಹಗುರ. ಇದು ಕಾಲಿಗೆ ಗೊತ್ತಾಗುವ ವ್ಯತ್ಯಾಸ. ಹಾಗೆ ಕ್ರ್ಯಾಂಕ್ ಬದಲಿಸುವ ಕೆಲಸದಲ್ಲಿ ಕ್ಯಾಸೆಟ್ ಕೂಡ ಸೇರಿಕೊಂಡಿತು. ತೋಳನ್ನು ಗಿಡ್ಡ ಮಾಡಬೇಕು ಅಂತಿರುವವರು ದಯವಿಟ್ಟು ಈ ಲೆಕ್ಕ ಮೊದಲು ಹಾಕಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಪಾನಾ ಹಿಡಿಯುವ ಮೊದಲೇ ಮುಗಿಯುವ ಭಾಗ.

28 ಹಲ್ಲು ಹಾಕಿದರೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ತಾಳುತ್ತದೆಯೇ ಅಂತಲೂ ನೋಡಬೇಕಿತ್ತು. ಮುಂದಿನ ಎರಡು ರಿಂಗ್‌ಗಳ ವ್ಯತ್ಯಾಸ 16, ಹಿಂದೆ ದೊಡ್ಡದಕ್ಕೂ ಚಿಕ್ಕದಕ್ಕೂ ವ್ಯತ್ಯಾಸ 16, ಒಟ್ಟು 32. ನನ್ನ ಡಿರೇಲರ್‌ನ ಕೈಪಿಡಿಯಲ್ಲಿ 33ರವರೆಗೆ ಅಂತ ಇತ್ತು. ಒಂದು ಹಲ್ಲಿನಲ್ಲಿ ಪಾರಾದೆ. ಚೈನಿನ ಉದ್ದದಲ್ಲಂತೂ ಒಂದು ಚೆಂದದ ಸಂಗತಿ ಸಿಕ್ಕಿತು. ಹಳೆಯ ದೊಡ್ಡ ರಿಂಗ್ 53, ಹಿಂದಿನ ದೊಡ್ಡದು 25, ಕೂಡಿದರೆ 78. ಹೊಸದು 50 ಮತ್ತು 28, ಕೂಡಿದರೆ ಅದೂ 78. ಹಾಗಾಗಿ ಚೈನಿನ ಉದ್ದ ಮೊದಲಿನಷ್ಟೇ ಸಾಕು, ನನ್ನದಕ್ಕೆ 108 ಕೊಂಡಿ. ಆದರೆ ಹಳೆಯ ಚೈನನ್ನೇ ಉಳಿಸಿಕೊಳ್ಳಲಿಲ್ಲ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು ಇರಬೇಕು. ನನ್ನ ಹೊಲಿಗೆ ಟೇಪು ಬಿಟ್ಟು ಸ್ಟೀಲ್ ಸ್ಕೇಲ್ ಇಟ್ಟು ಅಳೆದೆ. ಹದಿನಾರನೇ ಒಂದು ಇಂಚಿಗಿಂತ ಜಾಸ್ತಿ ಹಿಗ್ಗಿತ್ತು. ಹಿಗ್ಗಿದ ಚೈನು ಹೊಸ ಹಲ್ಲುಗಳನ್ನೂ ಬೇಗ ಸವೆಸುತ್ತದೆ. ಅದಕ್ಕೆ ಹೊಸದನ್ನೇ ಹಾಕಿದೆ.

ಯಾವ ಕ್ರ್ಯಾಂಕ್ ಅನ್ನುವುದರಲ್ಲಿ ಜಾಸ್ತಿ ದಿನ ಹಾಳುಮಾಡಲಿಲ್ಲ. ಮೊದಲು ಯಾರೋ ಬಳಸಿದ ದುಬಾರಿ ದರ್ಜೆಯದೊಂದು ಕಣ್ಣಿಗೆ ಬಿತ್ತು. ಹೊಳಪಿತ್ತು, ಹಗುರ ಇತ್ತು. ಅಣ್ಣ, "ಅದರ ಹಿಂದಿನ ಅಕ್ಷರ ನೋಡು" ಅಂದ. ಸೈಕಲ್ ಭಾಗಗಳನ್ನು ತಯಾರಿಸುವ ಶಿಮಾನೊ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ತನ್ನ 11 ಗೇರಿನ ಡ್ಯೂರಾ ಏಸ್ ಮತ್ತು ಅಲ್ಟೆಗ್ರಾ ಕ್ರ್ಯಾಂಕ್‌ಗಳನ್ನು ತಪಾಸಣೆಗೆ ವಾಪಸ್ ಕರೆದಿತ್ತು. ಎರಡು ತುಂಡುಗಳನ್ನು ಅಂಟಿಸಿ ಮಾಡಿದ ತೋಳು ಬಿಟ್ಟುಕೊಳ್ಳುವ ಸಾಧ್ಯತೆ ಇದ್ದವು, 2019ರ ಜುಲೈಗೆ ಮುಂಚೆ ತಯಾರಾದವು. ಅಮೆರಿಕದಲ್ಲೇ ಅಂಥವು ಸುಮಾರು 6,80,000. ತೋಳಿನ ಒಳಬದಿಯಲ್ಲಿ ಎರಡಕ್ಷರದ ತಯಾರಿಕೆ ಗುರುತು ಇರುತ್ತದೆ, ಅದರಿಂದ ತಿಳಿಯಬಹುದು. ಬಳಸಿದ ಕ್ರ್ಯಾಂಕ್ ಕೊಳ್ಳುವವರು ಇದನ್ನು ನೋಡದೆ ಕೊಳ್ಳಬಾರದು. ನಾನು ಆ ಗೋಜಿಗೆ ಹೋಗಲಿಲ್ಲ. ಶಿಮಾನೊದ್ದೇ ಹತ್ತು ಗೇರಿನ ಟಿಯಾಗ್ರಾ 4700, 50/34, 165 ಹೊಸದನ್ನೇ ತಂದೆ. ಸ್ವಲ್ಪ ತೂಕ ಇದೆ. ಇರಲಿ. ಏರಿನಲ್ಲಿ ನನ್ನ ಮೊಣಕಾಲು ಕೇಳುವುದು ಹಲ್ಲನ್ನು, ಗ್ರಾಮನ್ನಲ್ಲ.

ಈಗ ಬಿಚ್ಚುವ ಕೆಲಸ.

ಮೊದಲು ಪೆಡಲ್. ಬಲದ ಪೆಡಲ್ ಮಾಮೂಲಿ ಥ್ರೆಡ್, ಎಡದ್ದು ಉಲ್ಟಾ. ಪೆಡಲ್ ತುಳಿಯುತ್ತಾ ತುಳಿಯುತ್ತಾ ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಈ ಏರ್ಪಾಡು. ವಿಮಾನ ಹಾರಿಸಿದ ರೈಟ್ ಸಹೋದರರೂ ಸೈಕಲ್ ಮಾಡುತ್ತಿದ್ದ ದಿನಗಳಲ್ಲಿ, 1900ರಲ್ಲಿ, ತಮ್ಮ ಸೈಕಲ್‌ಗಳಿಗೆ ಇದನ್ನು ಹಾಕಿದ್ದರು. ಯಾಕೆ ಬಿಚ್ಚಿಕೊಳ್ಳುತ್ತದೆ ಅಂತ ತಿಳಿಯಲು ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಅದರ ತುದಿಯನ್ನು ಗಡಿಯಾರದ ದಿಕ್ಕಿನಲ್ಲಿ ಸುತ್ತಿಸಿ ನೋಡಿ. ಮುಷ್ಟಿಯೊಳಗೆ ಪೆನ್ಸಿಲ್ ಎದುರು ದಿಕ್ಕಿಗೆ ಉರುಳುತ್ತದೆ. ನಾನು ಇದನ್ನು ಮಾಡಿ ನೋಡುವವರೆಗೆ ನಂಬಿರಲಿಲ್ಲ.

ಹಳೆಯ ಕ್ರ್ಯಾಂಕ್ ಚೌಕ ಕಡ್ಡಿಯದು. ಎರಡೂ ತೋಳುಗಳನ್ನು ಸೇರಿಸುವ ಕಡ್ಡಿ, ಅಂದರೆ ಸ್ಪಿಂಡಲ್‌ನ ತುದಿ ಚೌಕವಾಗಿ, ಹೊರಕ್ಕೆ ಸಣ್ಣಗಾಗುತ್ತಾ ಬಂದಿರುತ್ತದೆ. ತೋಳು ಅದರ ಮೇಲೆ ಗೂಟ ಬಡಿದ ಹಾಗೆ ಬಿಗಿದುಕೊಂಡಿರುತ್ತದೆ. ಬೋಲ್ಟ್ ಬಿಚ್ಚಿದರೂ ಕೈಯಲ್ಲಿ ಬರುವುದಿಲ್ಲ. ಕ್ರ್ಯಾಂಕ್ ಪುಲ್ಲರ್ ಬೇಕು. ಅದನ್ನು ತೋಳಿನ ಥ್ರೆಡ್‌ಗೆ ಪೂರ್ತಿ ತಿರುಗಿಸಿ ಕೂರಿಸಿ, ನಡುವಿನ ತಿರುಪಿನಿಂದ ಸ್ಪಿಂಡಲ್ಲನ್ನು ಒತ್ತಬೇಕು.

ಬಲಗಡೆ ಸಲೀಸಾಗಿ ಬಂತು. ಎಡಗಡೆ ನಾನು ತಪ್ಪು ಮಾಡಿದೆ. ಥ್ರೆಡ್‌ನಲ್ಲಿ ಹನ್ನೆರಡು ವರ್ಷದ ಮಣ್ಣೂ ಗ್ರೀಸೂ ಗಟ್ಟಿಯಾಗಿತ್ತು. ಪುಲ್ಲರ್ ಮೂರು ಸುತ್ತು ಹೋಗಿ ನಿಂತಿತು. ಪೂರ್ತಿ ಕೂತಿದೆ ಅಂದುಕೊಂಡು ತಿರುಪು ಬಿಗಿದೆ. ಕರ್ ಅಂತ ಸದ್ದು. ನಿಲ್ಲಿಸಿ ತೆಗೆದು ನೋಡಿದರೆ ಪುಲ್ಲರಿನ ತುದಿಗೆ ಅಲ್ಯೂಮಿನಿಯಂನ ಬೆಳ್ಳಗಿನ ಸುರುಳಿ. ಮೊದಲ ಎರಡು ಸುತ್ತು ಥ್ರೆಡ್ ಕಿತ್ತು ಬಂದಿತ್ತು. ಎದೆ ಧಸಕ್ಕೆಂದಿತು. ಅಣ್ಣನ ಕ್ರ್ಯಾಂಕ್ ಹಾಳುಮಾಡಿದೆ ಅಂತ ಬಹಳ ಬೇಜಾರಾಯಿತು.

ಆಮೇಲೆ ಹಳೆಯ ಟೂತ್‌ಬ್ರಷ್, ಸೀಮೆಎಣ್ಣೆ, ಸೂಜಿ ತೆಗೆದುಕೊಂಡು ಕೂತೆ. ದಪ್ಪ ಸೂಜಿಯ ತುದಿಯಲ್ಲಿ ಥ್ರೆಡ್‌ನ ಪ್ರತಿ ಸಾಲಿನಿಂದ ಕೊಳೆ ಎಬ್ಬಿಸಿದೆ. ಅರ್ಧ ಗಂಟೆ ಆಯಿತು. ಈ ಸಲ ಪುಲ್ಲರ್ ಏಳು ಸುತ್ತು ಒಳಗೆ ಹೋಯಿತು. ಒಳಗೆ ಉಳಿದಿದ್ದ ಐದು ಸಾಲು ಥ್ರೆಡ್ ಗಟ್ಟಿಯಾಗಿತ್ತು. ನಿಧಾನವಾಗಿ ತಿರುಗಿಸಿದೆ. ಟಪ್ ಅಂತ ಬಿಟ್ಟುಕೊಂಡಿತು. ಬಿಚ್ಚುವವರಿಗೆ ನನ್ನ ಮಾತು: ಮೊದಲು ಥ್ರೆಡ್ ತೊಳೆಯಿರಿ. ಬೋಲ್ಟಿನ ಜೊತೆಗಿರುವ ವಾಷರ್ ಒಳಗೇ ಅಂಟಿಕೊಂಡಿದೆಯೇ ಅಂತ ಟಾರ್ಚ್ ಹಾಕಿ ನೋಡಿ. ಪುಲ್ಲರ್ ಕೈಯಲ್ಲೇ ಎಷ್ಟು ಸುತ್ತು ಹೋಗುತ್ತದೆ ಅಂತ ಎಣಿಸಿ.

ಸ್ಪಿಂಡಲ್ ತಿರುಗುವ ಬೇರಿಂಗ್‌ಗಳಿರುವ ಬಾಟಮ್ ಬ್ರಾಕೆಟ್ ಬಿಚ್ಚುವುದಕ್ಕೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಇಲ್ಲಿ ದಿಕ್ಕು ಪೆಡಲ್‌ಗೆ ವಿರುದ್ಧ. ನನ್ನ ಫ್ರೇಮ್ 68 ಮಿಮೀ ಅಗಲದ ಇಂಗ್ಲಿಷ್ ಥ್ರೆಡ್‌ನದು. ಬಲಗಡೆ ಕಪ್ ಉಲ್ಟಾ ಥ್ರೆಡ್, ಎಡಗಡೆಯದು ಮಾಮೂಲಿ. ಅಂದರೆ ಬಲಗಡೆ ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಬಹಳ ಜನ ಇಲ್ಲಿ ಬಿಚ್ಚುತ್ತೇವೆ ಅಂತ ಇನ್ನೂ ಬಿಗಿ ಮಾಡುತ್ತಾರೆ. ನಾನು ಚಾಕ್‌ಪೀಸಿನಲ್ಲಿ ಫ್ರೇಮಿನ ಮೇಲೆ ಬಾಣದ ಗುರುತು ಹಾಕಿಕೊಂಡೆ. ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕುವ ಅಭ್ಯಾಸ. ಇಟಲಿಯ ಫ್ರೇಮ್ ಆದರೆ ಅಗಲ 70 ಮಿಮೀ, ಎರಡೂ ಕಡೆ ಮಾಮೂಲಿ ಥ್ರೆಡ್. ಈಚಿನ ಎಷ್ಟೋ ಫ್ರೇಮ್‌ಗಳಲ್ಲಿ ಥ್ರೆಡ್ಡೇ ಇಲ್ಲ, ಬೇರಿಂಗನ್ನು ಒತ್ತಿ ಕೂರಿಸುತ್ತಾರೆ. ಕ್ರ್ಯಾಂಕ್ ಆರಿಸುವ ಮೊದಲೇ ನಿಮ್ಮ ಫ್ರೇಮ್ ಯಾವುದು ಅಂತ ಸ್ಕೇಲ್ ಇಟ್ಟು ನೋಡಬೇಕು.

ಹೊಸದರ ವ್ಯವಸ್ಥೆ ಬೇರೆ. ಬಲಗಡೆ ತೋಳಿಗೆ 24 ಮಿಮೀ ದಪ್ಪದ ಟೊಳ್ಳು ಉಕ್ಕಿನ ಸ್ಪಿಂಡಲ್ ಸೇರಿಕೊಂಡೇ ಬರುತ್ತದೆ. ಬೇರಿಂಗ್‌ಗಳು ಫ್ರೇಮಿನ ಹೊರಗೆ ಎರಡು ಕಪ್‌ಗಳಲ್ಲಿ ಕೂರುತ್ತವೆ. ರೋಡ್ ಬೈಕ್‌ಗಳಿಗೆ ಶಿಮಾನೊ ಇದನ್ನು ಡ್ಯೂರಾ ಏಸ್ 7800ರಲ್ಲಿ ತಂದಿತು. ಬೇರಿಂಗ್ ದೂರ ದೂರ ಇರುವುದರಿಂದ, ಸ್ಪಿಂಡಲ್ ದಪ್ಪ ಇರುವುದರಿಂದ ಕ್ರ್ಯಾಂಕ್ ಬಾಗುವುದು ಕಡಿಮೆ. ನನಗೆ ಇಷ್ಟವಾದದ್ದು ಬೇರೆ. ಇದನ್ನು ಬಿಚ್ಚಲು ಪುಲ್ಲರ್ ಬೇಡ. ಅಲೆನ್ ಕೀ ಮತ್ತು ಒಂದು ಪುಟ್ಟ ಪ್ಲಾಸ್ಟಿಕ್ ಬಿರಡೆ ಸಾಕು.

ಫ್ರೇಮಿನ ಥ್ರೆಡ್ ಒರೆಸಿ, ಹೊಸ ಗ್ರೀಸ್ ಹಚ್ಚಿ, ಎರಡೂ ಕಪ್‌ಗಳನ್ನು ಮೊದಲು ಬೆರಳಲ್ಲೇ ತಿರುಗಿಸಿದೆ. ಬೆರಳಲ್ಲಿ ನಾಲ್ಕು ಸುತ್ತು ಹೋಗದಿದ್ದರೆ ಓರೆಯಾಗಿದೆ ಅಂತಲೇ ಅರ್ಥ. ನನ್ನ ಎಡದ ಕಪ್ ಎರಡು ಸಲ ಓರೆಯಾಯಿತು. ಎರಡು ಸಲವೂ ತೆಗೆದು ಮತ್ತೆ ಶುರುಮಾಡಿದೆ. ಹೊಲಿಗೆ ಬಿಚ್ಚಿ ಮತ್ತೆ ಹಾಕುವುದಕ್ಕೆ ಬೇಸರಪಡಬಾರದು. ಕೊನೆಗೆ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಹಾಕಿ ಬಿಗಿ ಮಾಡಿದೆ. ಕಪ್‌ಗಳಿಗೆ 35ರಿಂದ 50 ನ್ಯೂಟನ್ ಮೀಟರ್. ನಾನು 40ಕ್ಕೆ ನಿಲ್ಲಿಸಿದೆ.

ಬಲದ ತೋಳನ್ನು ಸ್ಪಿಂಡಲ್ ಸಮೇತ ದೂಡಿದೆ. ಕೊನೆಯಲ್ಲಿ ಅಂಗೈಯಿಂದ ಎರಡು ಪೆಟ್ಟು ಹಾಕಬೇಕಾಯಿತು. ಎಡದ ತೋಳು ಕೂರಿಸುವಲ್ಲಿ ಕ್ರಮ ಮುಖ್ಯ. ಮೊದಲು ಪ್ಲಾಸ್ಟಿಕ್ ಬಿರಡೆ. ಅದು ಬೇರಿಂಗ್‌ಗೆ ಆಟ ಇಲ್ಲದ ಹಾಗೆ ಮಾಡುವುದಕ್ಕೆ ಮಾತ್ರ. ಬೆರಳ ಬಲ ಸಾಕು, 0.7ರಿಂದ 1.5 ನ್ಯೂಟನ್ ಮೀಟರ್. ಬಿಗಿ ಜಾಸ್ತಿಯಾದರೆ ಬೇರಿಂಗ್ ನರಳುತ್ತದೆ. ಆಮೇಲೆ ತೋಳಿನ ಸೀಳಿನಲ್ಲಿರುವ ಪುಟ್ಟ ತಡೆಪಟ್ಟಿಯನ್ನು ಒಳಕ್ಕೆ ಒತ್ತಬೇಕು. ಆಮೇಲೆ ಎರಡು ಬೋಲ್ಟುಗಳನ್ನು ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪವಾಗಿ, 12ರಿಂದ 14ರವರೆಗೆ. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು. ಕಾಜಾಪಟ್ಟಿಯ ಒಂದು ತುದಿಯನ್ನೇ ಎಳೆದರೆ ಇನ್ನೊಂದು ತುದಿ ಸುಕ್ಕಾಗುವ ಹಾಗೆ ಇಲ್ಲೂ ಹಿಡಿತ ಒಂದೇ ಕಡೆ ಬೀಳುತ್ತದೆ.

ಮುಂದಿನ ಡಿರೇಲರ್ ಇಳಿಸುವುದು ಕೊನೆಯ ಕೆಲಸ. 53ರ ರಿಂಗಿಗೂ 50ರ ರಿಂಗಿಗೂ ತ್ರಿಜ್ಯದಲ್ಲಿ ಆರು ಮಿಮೀ ವ್ಯತ್ಯಾಸ. ಡಿರೇಲರ್ ಮೊದಲಿನ ಎತ್ತರದಲ್ಲೇ ಇದ್ದರೆ ಚೈನನ್ನು ಸರಿಯಾಗಿ ತಳ್ಳುವುದಿಲ್ಲ. ಹೊರತಟ್ಟೆಗೂ ದೊಡ್ಡ ರಿಂಗಿನ ಹಲ್ಲಿಗೂ ನಡುವೆ 1ರಿಂದ 3 ಮಿಮೀ ಇರಬೇಕು. ನನ್ನದು ಫ್ರೇಮಿಗೆ ಪಟ್ಟಿ ಕಟ್ಟಿದ ಬಗೆ, ಹಾಗಾಗಿ ಎಷ್ಟು ಬೇಕೋ ಅಷ್ಟು ಇಳಿಯಿತು. ಇಳಿಸಿ, ರಿಂಗಿಗೆ ಸಮಾನಾಂತರ ಮಾಡಿ, ಮಿತಿ ತಿರುಪುಗಳನ್ನು ಹೊಂದಿಸುವುದರಲ್ಲಿ ಇಡೀ ಸಂಜೆ ಹೋಯಿತು. ಕ್ರ್ಯಾಂಕ್ ಹಾಕುವುದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ.

ಸೀಟು ಹತ್ತು ಮಿಮೀ ಎತ್ತರಿಸಿದೆ. ಆಗ ಹ್ಯಾಂಡಲ್ ಅಷ್ಟೇ ತಗ್ಗಾದಂತೆ ಅನ್ನಿಸಿತು. ಸ್ಟೆಮ್‌ನ ಮೇಲಿದ್ದ ಹತ್ತು ಮಿಮೀ ಬಳೆಯನ್ನು ಕೆಳಗೆ ಹಾಕಿದೆ.

ಮೊದಲ ಸವಾರಿ ವಿಚಿತ್ರವಾಗಿತ್ತು. ಪಾದ ಎಲ್ಲೋ ಬೇಗ ತಿರುಗಿಬಿಡುತ್ತಿದೆ ಅನ್ನಿಸುತ್ತಿತ್ತು, ಮಕ್ಕಳ ಸೈಕಲ್ ತುಳಿದ ಹಾಗೆ. ಮೂರನೇ ದಿನಕ್ಕೆ ಅದು ಮರೆತುಹೋಯಿತು. ನಾಲ್ಕನೇ ದಿನ ಎಡಗಡೆಯಿಂದ ಕಟ್ ಕಟ್ ಅನ್ನುವ ಸದ್ದು. ತೋಳು ಸಡಿಲವಾಯಿತು ಅಂತ ಹೆದರಿ ನೋಡಿದರೆ ಬೋಲ್ಟುಗಳು 13ರಲ್ಲೇ ಇದ್ದವು. ಸದ್ದು ಪೆಡಲಿನದು. ಪೆಡಲ್ ಥ್ರೆಡ್‌ಗೆ ಗ್ರೀಸ್ ಹಚ್ಚಲು ಮರೆತಿದ್ದೆ. ಹಚ್ಚಿದ ಮೇಲೆ ನಿಂತಿತು.

ಐದನೇ ದಿನ ಏರಿಗೆ ಹೋದೆ. 34/28ಕ್ಕೆ ಹಾಕಿ ಗಡಿಯಾರ ನೋಡಿ ಎಣಿಸಿದೆ. ಐವತ್ತೆಂಟು. ಕಾಗದದಲ್ಲಿ 58.7 ಇತ್ತು. ನಾಲ್ಕು ಕಿಲೋಮೀಟರ್‌ಗೆ ಮೊದಲು 1,220 ಸಲ ತುಳಿಯುತ್ತಿದ್ದವಳು ಈಗ 1,565 ಸಲ ತುಳಿಯುತ್ತೇನೆ. ಎಣಿಕೆ ಜಾಸ್ತಿ, ಒಂದೊಂದರ ಭಾರ ಕಡಿಮೆ. ಮೇಲೆ ಮುಟ್ಟಲು ಹಿಡಿದ ಹೊತ್ತು ಹೆಚ್ಚುಕಡಿಮೆ ಮೊದಲಿನಷ್ಟೇ, 26 ನಿಮಿಷ ಚಿಲ್ಲರೆ. ಗೇರ್ ಬದಲಿಸಿದ ಮಾತ್ರಕ್ಕೆ ನನ್ನ ಉಸಿರು ಬದಲಾಗುವುದಿಲ್ಲವಲ್ಲ. ಆದರೆ ಮೂರನೇ ಕಿಲೋಮೀಟರ್‌ನಲ್ಲಿ ಆ ಹಿಡಿತಕ್ಕಾಗಿ ಕಾಯುತ್ತಿದ್ದೆ. ಬರಲಿಲ್ಲ. ಮಾರನೇ ದಿನ ಹೊಲಿಗೆ ಯಂತ್ರದ ಮುಂದೆ ಕೂತು, ಸುಮ್ನೆ ಖಾಲಿ ಯಂತ್ರವನ್ನೇ ಐದು ನಿಮಿಷ ತುಳಿದೆ. ನೋಯಲಿಲ್ಲ. ಐದು ವಾರದಲ್ಲಿ ಐದು ಸಲ ಹತ್ತಿದ್ದೇನೆ. ಒಂದು ಸಲ ಮಾತ್ರ ಸಣ್ಣಗೆ ಬಂದಿತ್ತು, ಅವತ್ತು ದೊಡ್ಡ ಗೇರಿನಲ್ಲಿ ಎದ್ದು ನಿಂತು ತುಳಿದಿದ್ದೆ.

ಕಳೆದುಕೊಂಡದ್ದೂ ಇದೆ, ಅದನ್ನೂ ಹೇಳಬೇಕು. 12-28 ಕ್ಯಾಸೆಟ್‌ನಲ್ಲಿ 15ರ ಮೇಲೆ ನೇರ 17. ಹಳೆಯ 12-25ರಲ್ಲಿ ನಡುವೆ 16 ಇತ್ತು. ಬಯಲಿನಲ್ಲಿ, ಎದುರುಗಾಳಿ ಇದ್ದಾಗ, ಆ ಒಂದು ಹಲ್ಲು ನನಗೆ ದಿನಾ ನೆನಪಾಗುತ್ತದೆ. 15 ಭಾರ, 17 ಹಗುರ. 50ರಿಂದ 34ಕ್ಕೆ ಇಳಿಯುವುದೂ ದೊಡ್ಡ ಹಾರಿಕೆ. ಮುಂದೆ ಇಳಿಸಿದ ಕೂಡಲೇ ಹಿಂದೆ ಎರಡೋ ಮೂರೋ ಗೇರ್ ಬಿಗಿ ಮಾಡದಿದ್ದರೆ ಕಾಲು ಗಾಳಿಯಲ್ಲಿ ತಿರುಗುತ್ತದೆ. ಇದು ಇನ್ನೂ ಕೈಗೆ ಪೂರ್ತಿ ಬಂದಿಲ್ಲ. ಇಳಿಜಾರಿನ ವೇಗದ ಬಗ್ಗೆ ಕೇಳುವವರಿಗೆ: 50/12ರಲ್ಲಿ ನಿಮಿಷಕ್ಕೆ 90 ತುಳಿದರೆ ಗಂಟೆಗೆ 47 ಕಿಲೋಮೀಟರ್, 53/12ರಲ್ಲಿ 50. ಆ ಮೂರು ಕಿಲೋಮೀಟರ್ ನನಗೆ ಬೇಡ. ಇಳಿಜಾರಿನಲ್ಲಿ ನನ್ನ ಕೈ ಬ್ರೇಕಿನ ಮೇಲಿರುತ್ತದೆ.

ಹಳೆಯ ಕ್ರ್ಯಾಂಕ್ ಒರೆಸಿ, ಕಿತ್ತ ಥ್ರೆಡ್‌ಗೆ ಗ್ರೀಸ್ ಹಚ್ಚಿ, ಹಳೆಯ ಕೋರಾ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಥ್ರೆಡ್ ವಿಷಯ ಅಣ್ಣನಿಗೆ ಹೇಳಿದೆ. "ಹೋಗ್ಲಿ ಬಿಡು, ಇನ್ನೂ ಐದು ಸಾಲು ಇದೆಯಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "34ರಲ್ಲಿ ನಿಜವಾಗ್ಲೂ ಅಷ್ಟು ವ್ಯತ್ಯಾಸ ಆಗತ್ತಾ ಪುಟ್ಟೀ?" ಅಂತ ಕೇಳಿದ. ಅವನ ಹೊಸ ಸೈಕಲ್‌ನಲ್ಲೂ 53/39 ಇದೆ. ಅವನಿಗೀಗ 52 ವರ್ಷ. ಮುಂದಿನ ತಿಂಗಳು ಬರುತ್ತಾನೆ. ಆ ಏರಿಗೆ ಕರೆದುಕೊಂಡು ಹೋಗಿ ಹಿಂದಿನಿಂದ ಅವನ ಬಲ ಮೊಣಕಾಲು ಎಣಿಸಬೇಕು ಅಂತಿದ್ದೇನೆ.